ಸಹಾಯ ಬೇಕು: ಬಿಸಿಯಾದರೆ ನಿಲ್ಲುವ ಯೆಜ್ಡಿ 250

ಎಲ್ಲರಿಗೂ ನಮಸ್ಕಾರ. ತುಮಕೂರಿನ ಶಿರಾಗೇಟ್ ಬಳಿ, ಮನೆಯ ಶೆಡ್ಡಿನಲ್ಲಿ ಚಿಕ್ಕಪ್ಪನ ಹಳೆಯ ಯೆಜ್ಡಿ ಬೈಕನ್ನು ಸರಿಪಡಿಸುತ್ತಿದ್ದೇನೆ. ಪಾಯಿಂಟ್ (ತೆರೆದು ಮುಚ್ಚಿ ಪ್ಲಗ್‌ಗೆ ಕಿಡಿ ಬರಿಸುವ ಪುಟ್ಟ ಸ್ವಿಚ್) ಇರುವ, 6 ವೋಲ್ಟ್ ಡೈನಮೋ ಗಾಡಿ.

ತಣ್ಣಗಿರುವಾಗ ಮೊದಲ ಒದೆತಕ್ಕೇ ಶುರುವಾಗುತ್ತದೆ. ದೇವರಾಯನದುರ್ಗದ ಏರು ಅರ್ಧ ಹತ್ತುವಷ್ಟರಲ್ಲಿ ಕೆಮ್ಮಿ ನಿಲ್ಲುತ್ತದೆ. ಎಂಜಿನ್ ತಣಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ನಿಂತ ತಕ್ಷಣ ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಹಳದಿಯಾಗಿ, ಬಡಕಲಾಗಿರುತ್ತದೆ. ಪಾಯಿಂಟ್ ಅಂತರ 0.4 ಮಿ.ಮೀ. ಇದೆ. ಪಿಸ್ಟನ್ ಮೇಲ್ತುದಿ ತಲುಪುವುದಕ್ಕೆ ಸುಮಾರು 3 ಮಿ.ಮೀ. ಮೊದಲು ಕಿಡಿ ಬರುವಂತೆ ಡಯಲ್ ಗೇಜ್ ಇಟ್ಟು ಹೊಂದಿಸಿದ್ದೇನೆ. ಕಾರ್ಬುರೇಟರ್ ಶುದ್ಧವಾಗಿದೆ, ಟ್ಯಾಂಕ್ ಮುಚ್ಚಳದ ಗಾಳಿರಂಧ್ರವೂ ತೆರೆದಿದೆ. ನನ್ನ ಅನುಮಾನ ಕಂಡೆನ್ಸರ್ (ಪಾಯಿಂಟ್ ಜೊತೆಗಿರುವ ಪುಟ್ಟ ಕೆಪಾಸಿಟರ್) ಮೇಲೆ, ಅದು ಬಿಟ್ಟರೆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಮೇಲೆ. ಎಂಜಿನ್ ಶಾಖ ತಗುಲದಂತೆ ಕಂಡೆನ್ಸರನ್ನು ಹೊರಗೆ ಕಾಯಿಲ್ ಪಕ್ಕ ಕೂರಿಸಿದವರು ಯಾರಾದರೂ ಇದ್ದೀರಾ? ಯಾವ ಗಾಡಿಯ ಕಂಡೆನ್ಸರ್ ಹಾಕಿದಿರಿ?

ಇನ್ನೊಂದು ತೊಂದರೆ: ಕ್ಲಚ್ ಕಡೆಯ ಎಣ್ಣೆ ಕಡಿಮೆಯಾಗುತ್ತಿದೆ, ಹೊಗೆಯೂ ದಟ್ಟ. ಆ ಎಣ್ಣೆ ಎಂಜಿನ್ನೊಳಗೆ ನುಗ್ಗದಂತೆ ತಡೆಯುವ ಎಡಗಡೆಯ ಕ್ರ್ಯಾಂಕ್ ಸೀಲ್ ಸೋರುತ್ತಿರಬೇಕು. ಎಂಜಿನ್ ಪೂರ್ತಿ ಬಿಚ್ಚದೆ ಅದನ್ನು ಬದಲಿಸಬಹುದೇ?

ಇಲ್ಲಿನ ಮೆಕ್ಯಾನಿಕ್ ಒಬ್ಬರು ಬೋರ್ ಮಾಡಿಸಿ ಎನ್ನುತ್ತಾರೆ. ಎಲ್ಲ ಕಾಯಿಲೆಗೂ ಒಂದೇ ಕಷಾಯ! ಕಂಪ್ರೆಷನ್ ಚೆನ್ನಾಗಿರುವಾಗ ಸಿಲಿಂಡರ್ ಕೊರೆಸಲು ನನಗೆ ಮನಸ್ಸಿಲ್ಲ. ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್) ಹಾಕಿಸಿ ಎಂಬ ಸಲಹೆಯನ್ನೂ ದಯವಿಟ್ಟು ಕೊಡಬೇಡಿ, ಪಾಯಿಂಟನ್ನೇ ಉಳಿಸಿಕೊಳ್ಳುವ ಆಸೆಯಿದೆ.

ತುಮಕೂರು ಅಥವಾ ಗುಬ್ಬಿ ಕಡೆ ಜಾವಾ, ಯೆಜ್ಡಿ ಎಂಜಿನ್ ಬಿಚ್ಚಿ ಕೈಪಳಗಿದವರು ಗೊತ್ತಿದ್ದರೆ ತಿಳಿಸಿ. ಭಾನುವಾರವಾದರೆ ಗಾಡಿಯನ್ನು ಅಲ್ಲಿಗೇ ತರುತ್ತೇನೆ, ಲಗೇಜ್ ಆಟೋದಲ್ಲಾದರೂ ಸರಿ.