ಶ್ವಾನ್‌ಗೌ ಊರಿನ ಹಂಸ: 'ಮಾತಾಡುವ ಲಾಂಛನ'ಕ್ಕೆ ಕನ್ನಡದಲ್ಲಿ ಏನನ್ನಬೇಕು?

ಜರ್ಮನಿಯ ಬವೇರಿಯಾದಲ್ಲಿ, ಆಲ್ಪ್ಸ್ ಬೆಟ್ಟಗಳ ಬುಡದಲ್ಲಿ ಶ್ವಾನ್‌ಗೌ ಅಂತ ಒಂದು ಹಳ್ಳಿ ಇದೆ. ಎರಡನೇ ಲುಡ್ವಿಗ್ ದೊರೆ 1869ರಲ್ಲಿ ಕಟ್ಟಲು ಶುರುಮಾಡಿದ ನೊಯ್‌ಶ್ವಾನ್‌ಸ್ಟೈನ್ ಕೋಟೆ ಇರುವುದು ಇದೇ ಊರಲ್ಲಿ. ಊರಿನ ಲಾಂಛನ, ಕೆಂಪು ಗುರಾಣಿಯ ಮೇಲೆ ಒಂದು ಬಿಳಿ ಹಂಸ. ಇದರ ಬಗ್ಗೆ ಬರೆಯುತ್ತಾ ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲು ಊರಿನ ಹೆಸರು. ಕನ್ನಡದಲ್ಲಿ ಬರೆದ ತಕ್ಷಣ ನಾಯಿ ನೆನಪಾಗುತ್ತದೆ, ಅಲ್ವಾ? ಆದರೆ ಜರ್ಮನ್ನಿನ 'ಶ್ವಾನ್' ಅಂದರೆ ಹಂಸ, 'ಗೌ' ಅಂದರೆ ಸೀಮೆ. ನಮ್ಮ 'ಶ್ವಾನ'ದ ನಂಟು ಅವರ 'ಹುಂಡ್' ಜೊತೆ, ಅದೇ ನಾಯಿ. 'ಶ್ವಾನ್' ಪದದ ನಂಟು ಸಂಸ್ಕೃತದ 'ಸ್ವನ' ಜೊತೆ. ಸದ್ದು ಮಾಡುವ ಹಕ್ಕಿ ಅಂತ ಆ ಹೆಸರು. ನಮ್ಮ 'ಹಂಸ'ದ ಒಡಹುಟ್ಟು ಅಲ್ಲಿ 'ಗಾನ್ಸ್' ಆಗಿದೆ, ಅರ್ಥ ಮಾತ್ರ ಹೆಬ್ಬಾತು. ಒಂದು ಹಕ್ಕಿಯ ಸುತ್ತ ಇಷ್ಟು ನೆಂಟಸ್ತಿಕೆ ಇರುವುದು ನೋಡಿ ತುಂಬಾ ಖುಷಿಯಾಯಿತು.

ಈ ಹಂಸ ಶ್ವಾನ್‌ಗೌ ಮನೆತನದ ಸರದಾರರದು. ಆ ಮನೆತನದ ಕವಿ ಹಿಲ್ಟ್‌ಬೋಲ್ಟ್‌ನ ಚಿತ್ರ 14ನೇ ಶತಮಾನದ ಮಾನೆಸ್ಸೆ ಹಸ್ತಪ್ರತಿಯಲ್ಲಿದೆ; ಅದು ಹಳೆಯ ಜರ್ಮನ್ ಹಾಡುಗಳ ಸಚಿತ್ರ ಸಂಗ್ರಹ. ಅಲ್ಲೂ ಗುರಾಣಿಯ ಮೇಲೆ ಹಂಸವೇ.

ಇನ್ನು 'ವಾಪೆನ್', ಅಂದರೆ ಲಾಂಛನ. ಇದೂ 'ವಾಫೆ' ಅಂದರೆ ಆಯುಧ ಅನ್ನುವುದೂ ಮೂಲದಲ್ಲಿ ಒಂದೇ ಪದ. ಮುಖ ಮುಚ್ಚುವ ಶಿರಸ್ತ್ರಾಣದೊಳಗೆ ಇರುವವರು ಯಾರು ಅಂತ ಗುರಾಣಿಯ ಚಿತ್ರ ನೋಡಿಯೇ ತಿಳಿಯಬೇಕಿತ್ತು. ಲಾಂಛನದ ಪ್ರಾಣಿಯ ಕೊಕ್ಕು, ಉಗುರುಗಳಿಗೆ ಬೇರೆ ಬಣ್ಣ ಇದ್ದರೆ ಈಗಲೂ 'ಬೆವೇರ್ಟ್', ಆಯುಧ ತೊಟ್ಟದ್ದು, ಅನ್ನುತ್ತಾರೆ. ನಮ್ಮ 'ಲಾಂಛನ'ದಲ್ಲಿ ಆಯುಧದ ವಾಸನೆ ಇಲ್ಲ, ಬರೀ ಗುರುತು. ಆದರೂ ಚಾಲುಕ್ಯರ ವರಾಹ ಲಾಂಛನದ ಕಾಲದಿಂದ ಬಳಕೆಯಲ್ಲಿರುವ ಪದ. ಅದನ್ನು ಬದಲಿಸುವುದು ಬೇಡ ಅನ್ನಿಸುತ್ತದೆ.

ನನಗೆ ಬೇಕಿರುವುದು 'ರೇಡೆಂಡೆಸ್ ವಾಪೆನ್' ಅನ್ನುವುದಕ್ಕೆ ಪದ. ಸುಮ್ನೆ ಅನುವಾದಿಸಿದರೆ 'ಮಾತಾಡುವ ಲಾಂಛನ'. ಚಿತ್ರವೇ ಹೆಸರನ್ನು ಹೇಳುತ್ತದೆ ಅಂತ ಅರ್ಥ. ಶ್ವಾನ್‌ಗೌಗೆ ಹಂಸ, ಮ್ಯೂನಿಕ್‌ಗೆ ಸನ್ಯಾಸಿ, ಬರ್ಲಿನ್‌ಗೆ ಕರಡಿ. ಮ್ಯೂನಿಕ್ ಹೆಸರು ನಿಜವಾಗಿ ಸನ್ಯಾಸಿಗಳಿಂದ ಬಂದದ್ದು. ಬರ್ಲಿನ್ ಹಾಗಲ್ಲ. ಆ ಹೆಸರಿನ ಬೇರು ಜೌಗು ನೆಲ ಅನ್ನುವ ಅರ್ಥದ ಸ್ಲಾವಿಕ್ ಪದ. ಕರಡಿಗೆ ಜರ್ಮನ್ನಿನಲ್ಲಿ 'ಬೇರ್', ದನಿ ಹೊಂದಿತು ಅಂತ ಕರಡಿ ಬಂತು. ಹಾಗಾಗಿ ಹೆಸರಿನ ಮೂಲವನ್ನೇ ತೋರಿಸುವ ಲಾಂಛನ, ಬರೀ ದನಿ ಹೊಂದುವ ಲಾಂಛನ, ಎರಡಕ್ಕೂ ಪದ ಒಪ್ಪಬೇಕು.

'ನುಡಿವ ಲಾಂಛನ' ಕಿವಿಗೆ ಚೆನ್ನ, ಆದರೆ ಏನನ್ನು ನುಡಿಯುತ್ತದೆ ಅಂತ ತಿಳಿಯದು. 'ಹೆಸರು ಹೇಳುವ ಲಾಂಛನ' ಉದ್ದ, ಅರ್ಥ ಮಾತ್ರ ಸ್ಪಷ್ಟ. ನನ್ನ ಒಲವು ಎರಡನೆಯದರ ಕಡೆ ಜಾಸ್ತಿ. ಇದಕ್ಕಿಂತ ಚಿಕ್ಕದಾದ ಪದ ನಿಮಗೆ ಹೊಳೆಯುತ್ತದೆಯೇ?