ರೈಮನ್‌ನಲ್ಲಿ ಅಪ್ಪ ಅಮ್ಮನನ್ನು ಎಲ್ಲಿ ಕೂರಿಸಲಿ? ಅನುಭವ ಹೇಳಿ

ಅಟ್ಲಾಂಟಾ ಮಗಳು: ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ನ್ಯಾಶ್‌ವಿಲ್‌ನ ರೈಮನ್ ಆಡಿಟೋರಿಯಂನಲ್ಲಿ ಬ್ಲೂಗ್ರಾಸ್ (ಪಿಟೀಲು, ಮ್ಯಾಂಡೊಲಿನ್ ಇರುವ ಅಮೆರಿಕದ ಜನಪದ ಶೈಲಿಯ ಸಂಗೀತ) ಕೇಳಿಸೋಣ ಅಂತಿದ್ದೇನೆ. ಅಪ್ಪನಿಗೆ ಮಂಡಿನೋವು. ಕೆಳಗೆ ತಗೊಳ್ಳಲಾ, ಬಾಲ್ಕನಿಯಾ?

ಕಂಬದ ಹಿಂದಿನವ: ಸೀಟು ಆಮೇಲೆ, ಮೊದಲು ದುಡ್ಡಿನ ಕಥೆ ಕೇಳಿ. ನಾವು ಟಿಕೆಟ್ ಮರುಮಾರಾಟದ ಸೈಟಿನಲ್ಲಿ ತಗೊಂಡೆವು. 74 ಡಾಲರ್ ಅಂತ ತೋರಿಸಿದ್ದು ಕಾರ್ಡ್ ನಂಬರ್ ಹಾಕುವಷ್ಟರಲ್ಲಿ 103 ಆಯ್ತು. ನಾಲ್ಕು ಜನಕ್ಕೆ 412. ಪಾರ್ಕಿಂಗ್ ಬೇರೆ 45, ಯಾಕಂದ್ರೆ ಅವತ್ತೇ ಪಕ್ಕದ ಅರೀನಾದಲ್ಲಿ ಐಸ್ ಹಾಕಿ ಮ್ಯಾಚು. ಇಷ್ಟೆಲ್ಲ ಸುರಿದು ಒಳಗೆ ಹೋದರೆ ಮೂತಿಗೆ ಸರಿಯಾಗಿ ಕಂಬ! 1892ರಲ್ಲಿ ಕಟ್ಟಿದಾಗ ಬಾಲ್ಕನಿ ಇರಲಿಲ್ಲ, 1897ರಲ್ಲಿ ಸೇರಿಸಿದರು. ಅದನ್ನು ಹೊತ್ತಿರುವ ಕಂಬ ಇದು. ಪಿಟೀಲಿನವನ ಕಮಾನಿನ ತುದಿ ಮಾತ್ರ ಕಂಬದಾಚೆ ಇಣುಕಿ ಇಣುಕಿ ಹೋಗ್ತಿತ್ತು. ಆ ಸೈಟಿನವರಿಗೆ ಬರೆದರೆ ಉತ್ತರವೂ ಇಲ್ಲ.

ಮೇಲಿನ ಸಾಲು: ಅದಕ್ಕೇ ಹೇಳೋದು, ಬಾಲ್ಕನಿ ಮುಂದಿನ ಸಾಲು ಬಿಟ್ಟು ಬೇರೆ ತಗೋಬಾರದು. ನಮ್ಮತ್ತೆಗೆ ಮ್ಯಾಂಡೊಲಿನ್ ಮೀಟಿದ್ದು ಎದುರಲ್ಲೇ ಕೂತು ಕೇಳಿದ ಹಾಗಿತ್ತಂತೆ. ಮೈಕ್ ಇಲ್ಲದ ಕಾಲದಲ್ಲಿ ಭಾಷಣ ಕೇಳಿಸಬೇಕು ಅಂತ ಕಟ್ಟಿದ ಜಾಗ ಅಲ್ವಾ. ಸುಮ್ನೆ ದೂರುವವರು ಟಿಕೆಟ್ ತಗೊಳ್ಳುವ ಮೊದಲು ನಕ್ಷೆ ನೋಡಬೇಕಿತ್ತು.

ಕಂಬದ ಹಿಂದಿನವ: ನಕ್ಷೆಯಲ್ಲಿ ಕಂಬ ತೋರಿಸಿರಲಿಲ್ಲ ಮೇಡಂ. ನಿಮ್ಮತ್ತೆ ಮೆಟ್ಟಿಲು ಹತ್ತಿದರು, ಎಲ್ಲರ ಅತ್ತೆಯೂ ಹತ್ತಲ್ಲ.

ಬೆನ್ನು ಬಿದ್ದವಳು: ಬೆಂಚಿನ ಬಗ್ಗೆ ಯಾರೂ ಹೇಳ್ತಿಲ್ಲವಲ್ಲ! ಓಕ್ ಮರದ ಉದ್ದ ಬೆಂಚು, ಕೈ ಊರಲು ಏನೂ ಇಲ್ಲ. ಪಕ್ಕದವನು ದಪ್ಪಗಿದ್ದರೆ ನಿಮ್ಮ ನಂಬರಿನ ಅರ್ಧ ಅವನದೇ. ಮಧ್ಯಂತರದಲ್ಲಿ ನಾನು ಹಿಂದೆ ಹೋಗಿ ಗೋಡೆಗೆ ಒರಗಿ ನಿಂತೆ. ಆಮೇಲೆ ಬೆನ್ನಿಗೆ ಫಿಸಿಯೋಥೆರಪಿ, ಇನ್ಶೂರೆನ್ಸ್ ಕಳೆದು ಕೈಯಿಂದ 260 ಡಾಲರ್. ಚರ್ಚಿನ ಬೆಂಚು ಚರ್ಚಿಗೇ ಸರಿ. ಒಳಗೆ ಬಿಯರ್ ಮಾರುವುದೂ ನನಗೆ ಹಿಡಿಸಲಿಲ್ಲ, ದೇವರ ಜಾಗ ಅದು.

ಹಳೇ ಕಾಗದ: ಅಕ್ಕ, ಅದು ನಿತ್ಯ ಪೂಜೆಯ ಚರ್ಚ್ ಆಗಿರಲಿಲ್ಲ. ನದಿಯಲ್ಲಿ ಹಡಗು ಓಡಿಸುತ್ತಿದ್ದ ವ್ಯಾಪಾರಿ ಥಾಮಸ್ ರೈಮನ್ ಅವರು ಬೋಧಕ ಸ್ಯಾಮ್ ಜೋನ್ಸ್ ಭಾಷಣ ಕೇಳಿ ಮನಸ್ಸು ಬದಲಿಸಿ, ಎಲ್ಲ ಪಂಥದವರೂ ಸೇರಲಿ ಅಂತ ಕಟ್ಟಿಸಿದ ಪ್ರಾರ್ಥನಾ ಸಭಾಂಗಣ. ಹೆಸರು ಯೂನಿಯನ್ ಗಾಸ್ಪೆಲ್ ಟೇಬರ್ನೇಕಲ್. 1904ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಸರಿಟ್ಟರು. ಸಾಲ ತೀರಿಸೋಕೆ ಶುರುವಿನಿಂದಲೂ ಕಚೇರಿ, ನಾಟಕ ಎಲ್ಲ ನಡೆದಿದೆ.

ಬೆನ್ನು ಬಿದ್ದವಳು: ಬೆಂಚು, ಬಣ್ಣದ ಗಾಜಿನ ಕಿಟಕಿ ಇರುವ ಕಡೆ ನಾನು ಹೇಗೆ ನಡ್ಕೋಬೇಕು ಅಂತ ಪಾಠ ಬೇಡ ತಮ್ಮಾ.

ಮೇಲಿನ ಸಾಲು: ಗ್ರಾಂಡ್ ಓಲ್ ಓಪ್ರಿ ಅನ್ನೋ ಕಂಟ್ರಿ ಸಂಗೀತದ ರೇಡಿಯೋ ಕಾರ್ಯಕ್ರಮ ಈಗಲೂ ಜನರ ಮುಂದೆ ಇಲ್ಲೇ ನಡೆಯುತ್ತೆ, ಶನಿವಾರ ಹೋಗಿ. ಬರೀ ಕಚೇರಿಗಿಂತ ಅದೇ ವಾಸಿ.

ಹಳೇ ಕಾಗದ: ತಪ್ಪು ದಾರಿ ಹಿಡಿಸಬೇಡಿ. 1943ರಿಂದ 1974ರವರೆಗೆ ಇಲ್ಲಿತ್ತು. ಆಮೇಲೆ ಊರಾಚೆಯ ಓಪ್ರಿ ಹೌಸಿಗೆ ಹೋಯಿತು. ಇಲ್ಲಿನ ವೇದಿಕೆಯ ಹಲಗೆಯನ್ನೇ ಆರಡಿ ಅಗಲದ ವೃತ್ತವಾಗಿ ಕತ್ತರಿಸಿ ಅಲ್ಲಿ ಕೂರಿಸಿದ್ದಾರೆ. ಇಲ್ಲಿ ಕಾರ್ಯಕ್ರಮಗಳು ಹೆಚ್ಚುಕಮ್ಮಿ ನಿಂತು, ಕೆಡವುವ ಮಾತೂ ಬಂದು, ದುರಸ್ತಿಯಾಗಿ ಮತ್ತೆ ತೆರೆದದ್ದು 1994ರಲ್ಲಿ. ಓಪ್ರಿ ಜನ ಸೆಕೆಯಲ್ಲಿ ಬೀಸಣಿಗೆ ಬೀಸಿಕೊಂಡು ಕೂರ್ತಿದ್ದರು, ಏಸಿ ಬಂದದ್ದೂ ಆಗಲೇ.

ಮೇಲಿನ ಸಾಲು: ಚಳಿಗಾಲದಲ್ಲಿ ಇಲ್ಲಿ ನಡೆದದ್ದನ್ನು ನಾನೇ ನೋಡಿದ್ದೇನೆ!

ಹಳೇ ಕಾಗದ: ಹೌದು, ಚಳಿಗಾಲದಲ್ಲಿ ಓಪ್ರಿ ಇಲ್ಲಿಗೆ ಬಂದದ್ದುಂಟು, ಆದ್ರೆ ಚಳಿಗಾಲದಲ್ಲಿ ಅಂತ ಮೊದಲೇ ಹೇಳಬೇಕಿತ್ತು. ಅವರ ಅಪ್ಪ ಅಮ್ಮ ಅಲ್ಲಿವರೆಗೂ ಇಲ್ಲೇ ಇರ್ತಾರಾ?

ಲಾರಿ ಹಿಂದಿನ ಕಾರು: ಅಟ್ಲಾಂಟಾದಿಂದ ಕಾರಲ್ಲಿ ಹೋಗುವವರು ಮಾಂಟೀಗಲ್ ಘಾಟಿಯಲ್ಲಿ ಹುಷಾರು. ಲಾರಿಗಳು ಇಳಿಯುವಾಗ ಬ್ರೇಕಿನ ಸುಟ್ಟ ವಾಸನೆ ಕಾರೊಳಗೆ ಬರುತ್ತೆ. ಚಟ್ಟನೂಗ ಊರು ದಾಟಿದ ಮೇಲೆ ಸಮಯ ವಲಯ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದೆ.

ಕಂಬದ ಹಿಂದಿನವ: ಹೋಗುವಾಗ ಸಿಕ್ಕ ಗಂಟೆ ಬರುವಾಗ ಕಳ್ಕೊಳ್ತೀರಿ, ಅದನ್ನೂ ಹೇಳಿ ಸಾರ್. ರಾತ್ರಿ ಹನ್ನೊಂದಕ್ಕೆ ಹೊರಟ ನಾವು ಮನೆ ಸೇರಿದ್ದು ಬೆಳಗಿನ ನಾಲ್ಕಕ್ಕೆ.