ಇಳಿಜಾರಿನಲ್ಲಿ ಎಸೆದ ಚೆಂಡು: 45 ಡಿಗ್ರಿ ಯಾಕೆ ಕೈಕೊಡುತ್ತದೆ?

ಕಲ್ಲೆಸೆತ:
ನಿನ್ನೆಯಿಂದ ಒಂದು ಲೆಕ್ಕ ತಲೆ ತಿನ್ನುತ್ತಿದೆ. 30 ಡಿಗ್ರಿ ಇಳಿಜಾರಿನ ಬುಡದಲ್ಲಿ ನಿಂತು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಚೆಂಡನ್ನು ಏರಿನ ಕಡೆಗೆ ಎಸೆಯಬೇಕು. ಆದಷ್ಟು ದೂರ ಹೋಗಿ ಬೀಳಬೇಕಾದರೆ ಯಾವ ಕೋನ? ಸುಮ್ನೆ 45 ಅಂತ ಹಾಕಿದೆ, ಏರಿನ ಉದ್ದಕ್ಕೆ 19.5 ಮೀಟರ್ ಬಂತು. ಉತ್ತರ 26.7 ಮೀಟರ್ ಅಂತೆ. 45 ಅನ್ನು ನೆಲದಿಂದ ಅಲ್ಲ, ಏರಿನಿಂದಲೇ ಅಳೆಯಬೇಕೇನೋ ಅಂತ ಒಟ್ಟು 75 ಹಾಕಿ ನೋಡಿದರೆ ಮತ್ತೆ ಅದೇ 19.5! ಇದೇನು ಕಾಕತಾಳೀಯವಾ? ಗುರುತ್ವದ ವೇಗೋತ್ಕರ್ಷ, ಅಂದರೆ ಜಿ ಬೆಲೆ 10 ಅಂತ ಹಿಡಿದಿದ್ದೇನೆ, ಗಾಳಿ ಲೆಕ್ಕಕ್ಕಿಲ್ಲ.

ಓರೆಗೆರೆ:
ನೋಟ್‌ಬುಕ್ಕನ್ನೇ 30 ಡಿಗ್ರಿ ತಿರುಗಿಸಿ ಇಟ್ಟುಕೊಳ್ಳಿ. ಎಕ್ಸ್ ಅಕ್ಷ ಏರಿನ ಉದ್ದಕ್ಕೆ, ವೈ ಅಕ್ಷ ಅದಕ್ಕೆ ಲಂಬವಾಗಿ. ಈಗ ಗುರುತ್ವ ಎರಡು ಪಾಲಾಗುತ್ತದೆ. ಏರಿಗೆ ಲಂಬವಾಗಿ 8.66, ಏರಿನ ಉದ್ದಕ್ಕೆ ಕೆಳಮುಖವಾಗಿ 5. ಮೊದಲ ಪಾಲು ಚೆಂಡು ಎಷ್ಟು ಹೊತ್ತು ಗಾಳಿಯಲ್ಲಿ ಇರಬೇಕು ಅಂತ ತೀರ್ಮಾನಿಸುತ್ತದೆ, ಅಷ್ಟೇ. ಎರಡನೆಯದು ಬ್ರೇಕ್. ಸಮತಟ್ಟು ನೆಲದಲ್ಲಿ ಮುಂದಕ್ಕೆ ಹೋಗುವ ವೇಗ ಕಡಿಮೆಯಾಗುವುದೇ ಇಲ್ಲ, ಇಲ್ಲಿ ಪ್ರತಿ ಸೆಕೆಂಡಿಗೆ 5ರಷ್ಟು ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಜಾಸ್ತಿ ಹೊತ್ತು ಮೇಲೆ ತೇಲಿದರೆ ನಷ್ಟ. ಏರಿನಿಂದ ಅಳೆದರೆ 45ಕ್ಕಿಂತ ತಗ್ಗಿಸಿಯೇ ಎಸೆಯಬೇಕು.

ಅರ್ಧಕೋನ:
ಎಷ್ಟು ತಗ್ಗಿಸಬೇಕು ಅಂದರೆ, ಏರಿಗೂ ನೆಟ್ಟಗಿನ ಗೆರೆಗೂ ನಡುವಿನ ಕೋನವನ್ನು ಸರಿಯಾಗಿ ಅರ್ಧ ಮಾಡಿ. ಇಲ್ಲಿ ಅದು 60, ಅರ್ಧ 30. ಅಂದರೆ ನೆಲದಿಂದ 60 ಡಿಗ್ರಿ. ಸಮತಟ್ಟಿನಲ್ಲಿ ಆ ಕೋನ 90 ಇರುತ್ತದೆ, ಅದಕ್ಕೇ ಅರ್ಧ 45 ಬರುವುದು. ಗೆಲಿಲಿಯೊ 1638ರ ಪುಸ್ತಕದಲ್ಲಿ ತೋರಿಸಿದ 45 ಸಮತಟ್ಟಿನದು. ನಾವು ಅದನ್ನು ಬಾಯಿಪಾಠ ಮಾಡಿ ಎಲ್ಲ ಕಡೆ ತುರುಕುತ್ತೇವೆ.

ನಿಮ್ಮ 45, 75 ಕಾಕತಾಳೀಯ ಅಲ್ಲ. ಎರಡೂ 60ರಿಂದ ಆಚೀಚೆ 15 ಡಿಗ್ರಿ ದೂರ, ಅದಕ್ಕೇ ದೂರವೂ ಒಂದೇ. ಅತಿ ಹೆಚ್ಚು ದೂರ ಬೇಕಾದರೆ 1ಕ್ಕೆ ಸೈನ್ 30 (ಅಂದರೆ 0.5) ಕೂಡಿಸಿ, ಅದನ್ನು ಜಿಯಿಂದ ಗುಣಿಸಿ, ಬಂದದ್ದರಿಂದ ವೇಗದ ವರ್ಗವನ್ನು ಭಾಗಿಸಿ: 400 ಭಾಗಿಸು 15, ಅಂದರೆ 26.7. ಮೇಲೆ ನಿಂತು ಕೆಳಕ್ಕೆ ಎಸೆದರೆ ಕೂಡಿಸುವ ಬದಲು ಕಳೆಯಿರಿ, 80 ಮೀಟರ್. ಅದೇ ಕೈ, ಅದೇ ವೇಗ, ಮೂರು ಪಟ್ಟು ದೂರ!

ಗೀಚುಪುಸ್ತಕ:
ಏರಿನಿಂದ ಅತಿ ದೂರ ಎದ್ದಾಗ ಅರ್ಧ ದಾರಿ ಮುಗಿದಿರುತ್ತದೆ ಅಲ್ವಾ? ನಾನು ಹಾಗೇ ಮಾಡ್ತೀನಿ.

ಓರೆಗೆರೆ:
ಇಲ್ಲ ಇಲ್ಲ, ಅರ್ಧ ಆಗಿರುವುದು ಸಮಯ ಮಾತ್ರ. ಈ 60 ಡಿಗ್ರಿ ಎಸೆತದಲ್ಲೇ ನೋಡಿ, ಮೊದಲ 1.15 ಸೆಕೆಂಡಿಗೆ 16.7 ಮೀಟರ್, ಮುಂದಿನ 1.15 ಸೆಕೆಂಡಿಗೆ ಬರೀ 10. ಬ್ರೇಕ್ ಇದೆ ಅಂದೆನಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು ಪುಟಿಯುವ ಚೆಂಡು. ಚೂರೂ ಶಕ್ತಿ ಕಳೆದುಕೊಳ್ಳದ ಚೆಂಡನ್ನು 30 ಡಿಗ್ರಿ ಇಳಿಜಾರಿನ ಮೇಲೆ 1 ಮೀಟರ್ ಎತ್ತರದಿಂದ ನೆಟ್ಟಗೆ ಬಿಡಿ. ಇಳಿಜಾರಿನ ಉದ್ದಕ್ಕೆ ಮೊದಲ ನೆಗೆತ 4 ಮೀಟರ್, ಆಮೇಲೆ 8, ಆಮೇಲೆ 12. ಆದರೆ ಪ್ರತಿ ನೆಗೆತಕ್ಕೂ ಹಿಡಿಯುವ ಸಮಯ ಒಂದೇ, ಸುಮಾರು 0.89 ಸೆಕೆಂಡ್. ಇಳಿಜಾರು ಎಷ್ಟೇ ಡಿಗ್ರಿ ಇದ್ದರೂ ಈ ಸಮಯ ಬದಲಾಗುವುದಿಲ್ಲ. ಅಕ್ಷ ತಿರುಗಿಸದೆ ಇದನ್ನು ಮಾಡಲು ಹೋದರೆ ಎರಡು ಪುಟ ಹಾಳು.

ಕಲ್ಲೆಸೆತ:
ಹಾಗಾದರೆ ಕೆಳಕ್ಕೆ ಎಸೆಯುವಾಗ ಒಳ್ಳೆಯ ಕೋನ ನೆಲಮಟ್ಟದಿಂದ 30, ಅದರ ಆಚೀಚಿನ 15ಕ್ಕೂ 45ಕ್ಕೂ ಒಂದೇ ದೂರ ಬರಬೇಕು. ಮಾಡಿ ನೋಡಿದೆ, ಎರಡಕ್ಕೂ 72.9. ಈಗ ಪುಟಿಯುವ ಚೆಂಡಿಗೆ ಕೈ ಹಾಕುತ್ತೇನೆ.